ಪದ ಬೇಕಾಗಿದೆ (ತುರ್ತು): ‘ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್’ಗೆ ಕನ್ನಡದಲ್ಲಿ ಏನನ್ನೋಣ?

ವಿಜಯಪುರದಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆಯೊಳಗೆ ಒಂದು ಪದ ಬೇಕು. ನಮ್ಮ ಪಿಯು ಕಾಲೇಜಿನ ಹಳೆಯ ವಿದ್ಯಾರ್ಥಿನಿ ಹೊರದೇಶದಲ್ಲಿ ಓದುತ್ತಿದ್ದಾಳೆ. ಅಲ್ಲಿ ಡಿಸೈನ್, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್, ಕಾನೂನು ಮೂರೂ ಒಂದೇ ನಿಕಾಯದಲ್ಲಿವೆ. ಶನಿವಾರ ಬಂದು ನಮ್ಮ ಮಕ್ಕಳಿಗೆ ಆ ಓದಿನ ಬಗ್ಗೆ ಹೇಳುತ್ತಾಳೆ. ಬಟ್ಟೆಯ ಬ್ಯಾನರ್ ಬರೆಸಬೇಕು. ‘ವಿನ್ಯಾಸ’, ‘ಕಾನೂನು’ ತೊಂದರೆಯಿಲ್ಲ. ನಡುವಿನದಕ್ಕೆ, ಅಂದರೆ ನೆಲ, ನೀರು, ಗಿಡ, ದಾರಿ ಕೂಡಿಸಿ ಹೊರಗಿನ ಜಾಗ ರೂಪಿಸುವ ವಿದ್ಯೆಗೆ, ‘ಭೂದೃಶ್ಯ ವಾಸ್ತುಶಿಲ್ಪ’ ಎಂದು ಚೀಟಿ ಬರೆದುಕೊಟ್ಟೆ. ಪೇಂಟರ್ ಬಟ್ಟೆಯ ಮೇಲೆ ಗೇಣು ಹಾಕಿ ನೋಡಿದರು. ‘ಇಷ್ಟುದ್ದ ಕೂಡೂದಿಲ್ರಿ ಸರ. ಮತ್ತ ಇದು ವಾಸ್ತು ಹೇಳೋರ ಭಾಷಣ ಏನ್ರಿ? ನಮ್ಮ ಅಡಗಿಮನಿ ದಿಕ್ಕು ಕೇಳೋದಿತ್ತು’ ಅಂದರು. ನಿಜವಾಗಿಯೇ ಕೇಳಿದರು. ಚಿಕ್ಕದಾದ, ತಪ್ಪು ತಿಳಿಯದಂಥ ಪದ ಇದ್ದರೆ ಹೇಳಿ.

ಬಾಗಲಕೋಟೆಯಿಂದ:

‘ವಾಸ್ತು’ ಬೇಡ, ‘ಶಿಲ್ಪ’ವೂ ಬೇಡ. ನಮ್ಮಲ್ಲಿ ‘ಕಟ್ಟು’ ಎಂಬ ಗಟ್ಟಿ ಬೇರು ಇದೆ. ಕಟ್ಟಡ, ಕಟ್ಟೆ, ಕಟ್ಟಳೆ, ಕಟ್ಟುಪಾಡು ಎಲ್ಲವೂ ಅದರಿಂದ ಚಿಗುರಿದವು. ನೀವು ಕೇಳಿದ್ದು ‘ನೆಲಗಟ್ಟರಿಮೆ’: ನೆಲ, ಕಟ್ಟು, ಅರಿಮೆ (ಅಂದರೆ ವಿದ್ಯೆ). ‘ಕಾನೂನು’ ಅರಬ್ಬಿಯಿಂದ ಬಂತು, ಅರಬ್ಬಿಗೆ ಗ್ರೀಕಿನಿಂದ. ಅದನ್ನೇಕೆ ತೊಂದರೆಯಿಲ್ಲ ಅಂದಿರಿ? ‘ಕಟ್ಟಳೆ’ ಎನ್ನಿ. ಒಂದೇ ಬೇರಿನಲ್ಲಿ ಎರಡು ವಿಷಯ ಮುಗಿಯಿತು.

ಇನ್ನೊಬ್ಬರು, ಬಾಗಲಕೋಟೆಯಿಂದಲೇ:

ಸುಮ್ನೆ ‘ಉದ್ಯಾನ ವಿನ್ಯಾಸ’ ಅನ್ನಿ. ನಮ್ಮಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಅಲ್ಲಿ ಹೂವಿನ ಕೃಷಿ, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಎರಡನ್ನೂ ಒಟ್ಟಿಗೇ ಕಲಿಸುತ್ತಾರೆ. ಹಾಗಾಗಿ ಇಲ್ಲಿಯವರಿಗೆ ಉದ್ಯಾನ ಅಂದರೆ ಬೇಗ ತಿಳಿಯುತ್ತದೆ.

ಬೆಳಗಾವಿಯಿಂದ:

ಉದ್ಯಾನ ಅದರ ಒಂದು ಮೂಲೆ ಅಷ್ಟೇ. ಇನ್ನು ‘ನೆಲಗಟ್ಟು’ ಎಂದರೆ ಕಲ್ಲು ಹಾಸಿದ ನೆಲ, ತಳಪಾಯ. ಟೈಲ್ಸ್ ಕೂರಿಸುವ ಕೋರ್ಸ್ ಎಂದು ಮಕ್ಕಳು ತಿಳಿಯುತ್ತಾರೆ. ನಡೆಯುವುದಿಲ್ಲ ಸರ್.

ನನಗೆ ‘ವಾಸ್ತು’ಗಿಂತ ಜಾಸ್ತಿ ತಕರಾರು ‘ದೃಶ್ಯ’ದ ಮೇಲೆ. ‘ಲ್ಯಾಂಡ್‌ಸ್ಕೇಪ್’ ಇಂಗ್ಲಿಷಿಗೆ ಡಚ್ಚಿನ ‘ಲಾಂಡ್‌ಸ್ಖಾಪ್’ನಿಂದ ಬಂತು, 1600ರ ಆಸುಪಾಸಿನಲ್ಲಿ, ಚಿತ್ರ ಬರೆಯುವವರ ಪದವಾಗಿ. ಅದಕ್ಕೇ ಇಂಗ್ಲಿಷಿನವರಿಗೆ ಅದು ಮೊದಲು ಗೋಡೆಗೆ ತೂಗುಹಾಕುವ ಚಿತ್ರ. ಅವರನ್ನು ನೋಡಿ ನಾವು ‘ಭೂದೃಶ್ಯ’ ಮಾಡಿಕೊಂಡೆವು. ಆದರೆ ಇಂಗ್ಲಿಷ್ ಪದದ ಬಾಲ ‘ಸ್ಕೇಪ್’ಗೂ ನೋಡುವುದಕ್ಕೂ ನಂಟೇ ಇಲ್ಲ! ‘ಫ್ರೆಂಡ್‌ಶಿಪ್’ನಲ್ಲಿ ಬರುವ ‘ಶಿಪ್’ ಅದರ ಒಡಹುಟ್ಟು. ಹಳೆಯ ಡಚ್, ಜರ್ಮನ್ ಬಳಕೆಯಲ್ಲಿ ಇಡೀ ಪದಕ್ಕೆ ಒಂದು ನಾಡು, ಅಲ್ಲಿಯ ಜನ, ಅವರ ಕಟ್ಟುಪಾಡು ಎಂಬ ಅರ್ಥ. ಸ್ವೀಡನ್ನಿನಲ್ಲಿ 13ನೇ ಶತಮಾನದಿಂದ ಬರೆದಿಟ್ಟ ಪ್ರಾಂತ್ಯಗಳ ಕಾನೂನುಗಳನ್ನು ಇವತ್ತಿಗೂ ‘ಲಾಂಡ್‌ಸ್ಕಾಪ್’ ಕಾನೂನು ಎಂದೇ ಕರೆಯುತ್ತಾರೆ. ಆ ಹುಡುಗಿಯ ನಿಕಾಯದಲ್ಲಿ ಈ ವಿದ್ಯೆಯ ಪಕ್ಕ ಕಾನೂನು ಕೂತಿದೆಯಲ್ಲ, ಅದು ಸರಿಯಾದ ಜಾಗದಲ್ಲೇ ಕೂತಿದೆ. 2000ದಲ್ಲಿ ಯುರೋಪಿನ ದೇಶಗಳು ಫ್ಲಾರೆನ್ಸಿನಲ್ಲಿ ಲ್ಯಾಂಡ್‌ಸ್ಕೇಪ್ ಒಪ್ಪಂದ ಮಾಡಿಕೊಂಡವು. ಅದರೊಳಗೆ ಚೆಂದದ ಕಣಿವೆಯಷ್ಟೇ ಅಲ್ಲ, ದಿನಾ ಓಡಾಡುವ ನೆಲ, ಕೆಟ್ಟುಹೋದ ನೆಲ ಕೂಡ ಬರುತ್ತವೆ.

ವಿಜಯಪುರದವರಿಗೆ ನಾನು ಇದನ್ನು ಹೇಳಬೇಕೇ? ನಿಮ್ಮೂರ ಬೇಗಂ ತಲಾಬ್ ಕೆರೆ ಕಟ್ಟಿಸಿದ್ದು 1651ರಲ್ಲಿ. ಮಣ್ಣಿನ ಕೊಳವೆಯಲ್ಲಿ ನೀರು ಊರೊಳಗೆ ಬರುತ್ತಿತ್ತು. ಒತ್ತಡಕ್ಕೆ ಕೊಳವೆ ಒಡೆಯಬಾರದು ಎಂದು ನಡುನಡುವೆ ‘ಗಂಜ್’ ಎಂಬ ನೀರಿನ ಗೋಪುರ ನಿಲ್ಲಿಸಿದರು. ನಿಮ್ಮ ಹತ್ತಿರದ ಕುಮಟಗಿಯಲ್ಲಿ ಕೆರೆಯ ನೀರೇ ಮಹಲಿನ ಕಾರಂಜಿಗೆ ಏರುತ್ತಿತ್ತು. ಇಳಿಜಾರು ಎಷ್ಟು, ನೀರು ಎಲ್ಲಿ ನಿಲ್ಲಬೇಕು, ಯಾವ ಓಣಿಗೆ ಹೋಗಬೇಕು, ಇದೆಲ್ಲ ಲೆಕ್ಕ ಹಾಕಿದವರ ಕೆಲಸ ಅದು. ಡೋಣಿ ಹೊಳೆಯ ದಂಡೆಯಲ್ಲಿ ‘ಡೋಣಿ ಬೆಳೆದರೆ ಓಣೆಲ್ಲ ಕಾಳು’ ಎನ್ನುವ ರೈತ ದೃಶ್ಯ ನೋಡುತ್ತಾ ನಿಂತಿರುವುದಿಲ್ಲ ಅಲ್ವಾ.

ನನ್ನ ಪದ ‘ಸೀಮೆ’. ನಮ್ಮ ಕಡೆ ಊರ ಸೀಮೆ ಅಂದರೆ ಹೊಲ, ಹಳ್ಳ, ದಾರಿ, ದನ ಮೇಯುವ ಗಾಯರಾಣ ಎಲ್ಲವೂ ಬಂತು. ಸೀಮೆಕಲ್ಲು ನೆಟ್ಟರೆ ಅದೇ ಪದ ಗಡಿಯೂ ಹೌದು. ನೆಲವೂ ಅದರ ಹಕ್ಕೂ ಒಂದೇ ಮಾತಿನಲ್ಲಿ ಇವೆ. ‘ಸೀಮೆ ವಿನ್ಯಾಸ’ ಎಂದು ಬರೆಸಿ.

ಬಾಗಲಕೋಟೆಯಿಂದ (ಮೊದಲಿನವರು):

‘ಸೀಮೆ’ ಸಂಸ್ಕೃತದ ‘ಸೀಮಾ’. ಒಂದು ಸಾಲ ತೀರಿಸಲು ಇನ್ನೊಂದು ಸಾಲ. ಮೇಲಾಗಿ ಸೀಮೆಎಣ್ಣೆ, ಸೀಮೆಸುಣ್ಣ ಅಂದಾಗ ಅದರ ಅರ್ಥ ಪರದೇಶ. ಒಪ್ಪುವುದಿಲ್ಲ.

ಬೆಳಗಾವಿಯಿಂದ:

ಸಂಸ್ಕೃತದ್ದೇ. ಯಾರು ಅಲ್ಲ ಅಂದರು? ಸೀಮೆಎಣ್ಣೆಯ ಸೀಮೆಯೂ ಒಂದು ನಾಡೇ, ದೂರದ್ದು ಅಷ್ಟೇ. ಸಾಲದ ಮಾತು ಎತ್ತಿದಿರಿ, ಹಾಗಾಗಿ ಕೇಳುತ್ತೇನೆ. ಹೊಲ ಅಳೆಸಲು ಹದ್ದುಬಸ್ತಿಗೆ ಅರ್ಜಿ ಕೊಡುತ್ತೀರಿ. ಗಡಿ ಎಂಬ ಅರ್ಥದ ಆ ‘ಹದ್ದು’ ಅರಬ್ಬಿ. ವಕೀಲರೂ ಅರಬ್ಬಿ, ದಾವೆಯೂ ಅರಬ್ಬಿ. ನಮ್ಮ ಅಪ್ಪ ಶಾಲೆಗೆ ಹೋದವರಲ್ಲ. ಉತಾರ (ಹೊಲದ ದಾಖಲೆ), ಹದ್ದು, ಸೀಮೆ ಈ ಮೂರು ಪದ ಇಟ್ಟುಕೊಂಡೇ ತಮ್ಮ ಎರಡು ಎಕರೆ ಉಳಿಸಿಕೊಂಡರು. ಅವನ್ನು ಹೊರಗಿನವು ಎಂದು ಯಾರಾದರೂ ತಳ್ಳಿದರೆ ನನಗೆ ಸಿಟ್ಟು ಬರುತ್ತದೆ.

ಬಾಗಲಕೋಟೆಯಿಂದ:

ಅಪ್ಪನವರ ಬಗ್ಗೆ ನನಗೆ ಗೌರವ ಇದೆ. ಬಂದ ಪದ ಇರಲಿ. ಆದರೆ ಹೊಸ ವಿದ್ಯೆಗೆ ಹೊಸದಾಗಿ ಪದ ಕಟ್ಟುವಾಗಲೂ ಕನ್ನಡದ ಬೇರಿಗೆ ಕೈ ಹಾಕದಿದ್ದರೆ, ಯಾವಾಗ ಹಾಕುತ್ತೀರಿ? ನನ್ನ ಪ್ರಶ್ನೆ ಅಷ್ಟೇ.

ವಿಜಯಪುರದಿಂದ:

ಎಲ್ಲರಿಗೂ ಧನ್ಯವಾದ. ಬೇರಿನ ಪ್ರಶ್ನೆ ನನ್ನನ್ನೂ ಕಾಡುತ್ತಿದೆ, ಇನ್ನೊಮ್ಮೆ ಕೂತು ಮಾತಾಡೋಣ. ಬ್ಯಾನರ್ ಕಾಯುವುದಿಲ್ಲ. ‘ವಿನ್ಯಾಸ, ಸೀಮೆ ವಿನ್ಯಾಸ, ಕಾನೂನು’ ಎಂದು ಬರೆಸಿದ್ದೇನೆ. ಮಕ್ಕಳು ಕೋರ್ಸ್ ಹುಡುಕುವಾಗ ಬೇಕಾಗುತ್ತದೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ‘ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್’ ಅಂತಲೂ ಇದೆ. ಪೇಂಟರ್ ಚೀಟಿ ಓದಿ, ‘ಸೀಮಿ ಅಂದ್ರ ಹೊಲದ್ದೇನ್ರಿ ಸರ? ನಮ್ಮ ಹಳ್ಳದ ನೀರು ವರ್ಷಾ ಬದು ಒಡದು ಮಗ್ಗಲ ಹೊಲಕ್ಕ ಹೊಕ್ಕತೈತಿ, ಜಗಳ ಆಗೇತಿ. ಕೇಳಬಹುದೇನ್ರಿ?’ ಅಂದರು. ಶನಿವಾರ ಹತ್ತಕ್ಕೆ ಬರ್ರಿ ಅಂದಿದ್ದೇನೆ.