ಹಳೇ ಕ್ವಾರ್ಟರ್ಸ್ ಜಾಗದಾಗ ಸುಣ್ಣದ ಗೆರಿ ಬಿದ್ದದ, ಎಲ್ಲಾರೂ ಓದ್ರಿ

ಮೂಲಿಮನಿ ಟೀಚರ್, ಶನಿವಾರ ಬೆಳಿಗ್ಗೆ 7.10
ಎಲ್ಲಾರಿಗೂ ನಮಸ್ಕಾರ್ರಿ. ಹೂವಿನ ಗುಡ್ ಮಾರ್ನಿಂಗ್ ಫೋಟೋ ಇವತ್ತೊಂದಿನ ನಿಲ್ಲಸ್ರಿ, ಕೆಲಸದ ಮಾತದ. ನಿನ್ನಿ ಸಂಜಿ ಹಳೇ ಕ್ವಾರ್ಟರ್ಸ್ ಜಾಗಕ್ಕ ನಾಲ್ಕು ಮಂದಿ ಟೇಪ್ ಹಿಡಕೊಂಡು ಬಂದಿದ್ರು. ಸುಣ್ಣದ ಪುಡಿಲೆ ಗೆರಿ ಹಾಕ್ಯಾರ. ಬೇವಿನ ಗಿಡಕ್ಕೆಲ್ಲ ಕೆಂಪು ಬಣ್ಣದಾಗ ನಂಬರ್ ಬರದಾರ, 1ರಿಂದ 11. ನಾ ಎಣಿಸಿದೆ, ನಿಂತ ಗಿಡ ಹತ್ತೇ. 6ನೇ ನಂಬರ್ ಹೋದ ಮಳಿಗಾಲದಾಗ ಬಿದ್ದ ಗಿಡದ ಬೊಡ್ಡಿಗೆ ಹಚ್ಯಾರ! ಯಾವ ಆಫೀಸಿನವ್ರಪಾ ಅಂತ ಕೇಳಿದ್ರ "ಮ್ಯಾಲಿಂದ ಹೇಳ್ಯಾರ, ಅಳತಿ ಮಾಡಾಕತ್ತೀವಿ" ಅಂದ್ರು, ಚಾ ಕುಡದು ಹೋದ್ರು. ಏನು ಕಟ್ತಾರ, ಯಾರು ಕಟ್ತಾರ, ಯಾರಿಗರ ಗೊತ್ತದ?

ಮೊಬೈಲ್ ಅಂಗಡಿ, 7.32
ಕಾಂಪ್ಲೆಕ್ಸ್ ಅಂತ ಸುದ್ದಿ ಅದರಿ ಟೀಚರ್. ಕೆಳಗ ಪಾರ್ಕಿಂಗ್, ಮ್ಯಾಲೆ ಮಳಿಗಿ. ಕಟ್ಟಿದವ್ರೇ ಇಷ್ಟು ವರ್ಷ ಬಾಡಿಗಿ ತಗೊಂಡು ಆಮ್ಯಾಲೆ ಸರಕಾರಕ್ಕ ಬಿಟ್ಟುಕೊಡೂದು. ನನ್ನ ಕೇಳಿದ್ರ ಛಲೋನ ಆತು. ಬೈಬ್ಯಾಡ್ರಿ, ಕೇಳ್ರಿ. ಸ್ಟೇಷನ್ ರೋಡಿನಾಗ ಗಿರಾಕಿ ಗಾಡಿ ನಿಲ್ಲಸಾಕ ಜಾಗಿಲ್ಲ, ಎರಡು ಸುತ್ತು ಹೊಡದು ತಿರುಗಿ ಹೋಗ್ತಾನ. ಈ ಜಾಗ ಇಷ್ಟು ವರ್ಷ ಏನಾಗಿತ್ತು? ಹಂದಿ, ಹಾವು, ಬಾಟ್ಲಿ. ಒಂದಿನಾನೂ ಯಾರೂ ಮಾತಾಡಲಿಲ್ಲ, ಈಗ ಗೆರಿ ಬಿದ್ದ ಕೂಡ್ಲೇ ಎಲ್ಲಾರಿಗೂ ಪ್ರೀತಿ ಬಂತು.

ಎರಡನೇ ಕ್ರಾಸ್ ಅಕ್ಕ, 7.41
ಅಣ್ಣ ಹೇಳೂದು ಪೂರಾ ಸುಳ್ಳಲ್ಲ. ಸಂಜಿ ಏಳಾದ ಮ್ಯಾಲೆ ಆ ಗ್ವಾಡಿ ಬದಿ ನಾ ನನ್ನ ಮಗಳನ್ನ ಟ್ಯೂಷನ್ನಿಗೆ ಕಳಸಂಗಿಲ್ಲ, ಸುತ್ತ ಹಾಕ್ಕೊಂಡು ಹೋಗು ಅಂತೀನಿ. ಲೈಟಿನ ಕಂಬ ಅದ, ಲೈಟಿಲ್ಲ. ಕಾಂಪ್ಲೆಕ್ಸ್ ಆಗ್ಲಿ ಪಾರ್ಕ್ ಆಗ್ಲಿ, ಮೊದಲು ಬೆಳಕು ಬರ್ಲಿ.

ಗ್ರೂಪ್ ಅಡ್ಮಿನ್, 8.05
ಮತ ಹಾಕಾಕ ಪೋಲ್ ಹಾಕೀನಿ. ಕಾಂಪ್ಲೆಕ್ಸ್ / ಪಾರ್ಕ್ / ಗ್ರಂಥಾಲಯ / ಪಾರ್ಕಿಂಗ್. ರಾತ್ರಿ 9ಕ್ಕ ಬಂದ್.

ಮ್ಯಾಲಿನ ರೂಮಿನ ಹುಡುಗ, 8.20
ಗ್ರಂಥಾಲಯಕ್ಕ ಒತ್ತೀನಿ ಸರ್. ನಮ್ಮ ಗಲ್ಲಿಯಾಗ ಎಷ್ಟು ರೂಮಿನಾಗ ಹುಡುಗ್ರು ಓದ್ತಾರ ಅಂತ ನಿಮಗೂ ಗೊತ್ತದ. ಸಂವಿಧಾನದಾಗ 371ಜೆ ಬಂದ ಮ್ಯಾಲೆ ನಮ್ಮ ಭಾಗದವ್ರಿಗೆ ನೌಕರಿಯಾಗ ಮೀಸಲಾತಿ ಅದ, ಆದ್ರ ಪರೀಕ್ಷೆ ಬರೀಬೇಕಲ್ಲ. ಮೇ ತಿಂಗಳು ರೂಮಿನ ಫ್ಯಾನು ಬಿಸಿಗಾಳಿನೇ ಊದ್ತದ. ಮಧ್ಯಾಹ್ನ ನಾವು ನಾಲ್ಕು ಮಂದಿ 3 ಮತ್ತು 4ನೇ ನಂಬರಿನ ಗಿಡದ ನಡುವೆ ಚಾಪಿ ಹಾಕ್ಕೊಂಡು ಓದ್ತೀವಿ. ಅವು ಕಡದ್ರ ಗ್ರಂಥಾಲಯ ಕಟ್ಟಿದ್ರೂ ಅಷ್ಟೇ.

ಸರ್ವೇಯರ್ ಕಾಕಾ (ನಿವೃತ್ತ), 9.15
ನಾ ವಾಯ್ಸ್ ಹಾಕಿದ್ದೆ, ಮೊಮ್ಮಗಳು ಡಿಲೀಟ್ ಮಾಡಿ ಬರದಾಳ. ಉದ್ದದ, ತಾಳ್ಮಿಲೆ ಓದ್ರಿ.

ಏನು ಕಟ್ಟಬೇಕು ಅಂತ ಈಗ್ಲೇ ಜಗಳಾಡೂದು, ಕೂಸು ಹುಟ್ಟೂಕಿಂತ ಮೊದಲು ಕುಲಾಯಿ ಹೊಲದಂಗ. ಆ ಜಾಗ ಯಾರದು? ಒಬ್ರು ಕಂದಾಯದ್ದು ಅಂತೀರಿ, ಒಬ್ರು ನಗರಸಭೆದು ಅಂತೀರಿ (ಈಗ ಮಹಾನಗರ ಪಾಲಿಕೆ, ನನಗಿನ್ನೂ ಬಾಯಿಗೆ ಬರಂಗಿಲ್ಲ), ಒಬ್ರು ಕ್ವಾರ್ಟರ್ಸ್ ಕಟ್ಟಿದ ಇಲಾಖೆದು ಅಂತೀರಿ. ಸಿಟಿ ಸರ್ವೇ ಕಾಗದದಾಗ ಯಾರ ಹೆಸರದ, ಅಲ್ಲಿಂದ ಶುರು ಆಗಬೇಕು. ನಮ್ಮೂರು ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದಾಗಿತ್ತು. ಹಳೇ ದಫ್ತರ ಉರ್ದುವಿನಾಗ ಇರ್ತಾವ. ಗೈರಾಣ, ಖಾರಿಜ್ ಖಾತಾ, ಜಾಗದ ವರ್ಗ ಹೇಳೋ ಇಂಥಾ ಒಂದೊಂದು ಶಬ್ದಕ್ಕೂ ಒಂದೊಂದು ಅರ್ಥ. ನಾ ಕೆಲಸದಾಗಿದ್ದಾಗ ಒಂದು ಹಳೇ ನಕ್ಷಿ ಯಾರಿಗೂ ಓದಾಕ ಬರದೇ ಮೂರು ತಿಂಗಳು ಟೇಬಲ್ ಮ್ಯಾಲೆ ಬಿದ್ದಿತ್ತು. ಕಡೀಕ ಟೇಲರ್ ಚಾಚಾ ಕನ್ನಡಕ ಏರಿಸಿ ಓದಿದ್ರು, ಹತ್ತು ನಿಮಿಷದ ಕೆಲಸ. ಚಾಚಾ ಇನ್ನೂ ಅದಾರ, ಕಣ್ಣು ಸ್ವಲ್ಪ ಮಂದ.

ಎರಡನೇದು, ಮಾಸ್ಟರ್ ಪ್ಲಾನಿನಾಗ ಆ ಜಾಗ ಯಾವ ಬಣ್ಣದಾಗ ಅದ, ಅಂದ್ರ ಯಾವ ಬಳಕಿಗೆ ಇಟ್ಟಾರ, ನೋಡಬೇಕು. ಸಾರ್ವಜನಿಕ ಬಳಕಿ ಅಂತ ಇದ್ದದ್ದನ್ನ ವಾಣಿಜ್ಯ ಮಾಡಬೇಕಂದ್ರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 14ಎ ಪ್ರಕಾರ ಪೇಪರಿನಾಗ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೀಬೇಕು. ಆ ಪ್ರಕಟಣೆ ಒಳಪುಟದಾಗ ಸಣ್ಣ ಅಕ್ಷರದಾಗ ಬರ್ತದ. ಪೇಪರ್ ತರಸೋರು ದಿನಾ ನೋಡ್ರಿ. ಉದ್ಯಾನ, ಆಟದ ಮೈದಾನದ ರಕ್ಷಣೆಗೆ 1985ರ ಕಾಯ್ದೆ ಒಂದದ, ಆದ್ರ ಅದು ಪಟ್ಟಿಯಾಗ ಸೇರಿದ ಜಾಗಕ್ಕ ಮಾತ್ರ. ಹುಡುಗ್ರು ಕ್ರಿಕೆಟ್ ಆಡಿದ ಮಾತ್ರಕ್ಕ ಮೈದಾನ ಆಗಂಗಿಲ್ಲ.

ಮೂರನೇದು, ಗಿಡ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿ ಪರವಾನಗಿ ಇಲ್ಲದೇ ಕಡಿಯಂಗಿಲ್ಲ, ಸರಕಾರದ ಜಾಗ ಅಂತ ರಿಯಾಯಿತಿ ಇಲ್ಲ. ಆದ್ರ ಮಂದಿ ಕಡಿಂದ ಆಕ್ಷೇಪಣೆ ಕರೀಲೇಬೇಕು ಅನ್ನೂದು 50ಕ್ಕಿಂತ ಹೆಚ್ಚು ಗಿಡ ಇದ್ದಾಗ. ನಮ್ಮವು ಹತ್ತು. ಯಾರೂ ಬಂದು ನಮ್ಮ ಬಾಗಿಲು ಬಡಿಯಂಗಿಲ್ಲ, ನಾವೇ ಹೋಗಿ ಬರದು ಕೊಡಬೇಕು.

ಮೊಬೈಲ್ ಅಂಗಡಿ, 9.28
ಕಾಕಾ, ಬೊಡ್ಡಿ ಸೇರಿ ಹನ್ನೊಂದು 😀

ಕಾಯಿಪಲ್ಲೆ ಅಕ್ಕನ ಮಗಳು, 10.50
ಇಷ್ಟೊತ್ತು ಓದಿ ಸುಮ್ನಿದ್ದೆ. ಪೋಲಿನಾಗ ನಮ್ಮ ಆಯ್ಕೆನೇ ಇಲ್ಲ, ಅದಕ್ಕ ಬರ್ಯಾಕತ್ತೀನಿ. ಗ್ವಾಡಿ ಹೊರಗ ನಮ್ಮವ್ವ ಹಿಡದು ಒಂಬತ್ತು ಮಂದಿ ಹೆಣ್ಮಕ್ಕಳು ಪುಟ್ಟಿ ಇಟ್ಟುಕೊಂಡು ಕುಂದರ್ತಾರ. ನಸಿಕಿನಾಗ ನಾಲ್ಕಕ್ಕ ಎದ್ದು ಉಸ್ಮಾನಿಯಾ ಮಾರ್ಕೆಟ್ಟಿಗೆ ಹೋಗಿ ಮಾಲು ತಂದು ಆರಕ್ಕ ಹಚ್ತಾರ. ಅವ್ವ ಮನಿಗೆ ಬರೂತನ ನೀರು ಕುಡಿಯಂಗಿಲ್ಲ. ಬಾಟ್ಲಿ ತುಂಬಿ ಕೊಟ್ಟಿರ್ತೀನಿ, ಅದರಾಗಿಂದ ಕೊತ್ತಂಬ್ರಿಗೆ ಸಿಂಪಡಸ್ತಾಳ, ತಾನು ಕುಡಿಯಂಗಿಲ್ಲ. ಯಾಕ ಅಂತ ಹೆಣ್ಮಕ್ಕಳಿಗೆ ಗೊತ್ತಾಗ್ತದ, ಬಾಕಿಯವ್ರಿಗೆ ಬಿಡಿಸಿ ಹೇಳಬೇಕಾದ್ರ ಹೇಳ್ತೀನಿ: ಅಲ್ಲಿ ಹೋಗಾಕ ಜಾಗಿಲ್ಲ. ಎರಡು ಸಲ ಮೂತ್ರದ ಉರಿಗೆ ದವಾಖಾನಿ ಆಗ್ಯಾದ.

ಪಾರ್ಕ್ ಆದ್ರ ಗೇಟಿನ ಮುಂದ ವ್ಯಾಪಾರ ನಿಷೇಧ ಅಂತ ಬೋರ್ಡ್ ಬೀಳ್ತದ. ಕಾಂಪ್ಲೆಕ್ಸ್ ಆದ್ರ ಮಳಿಗಿ ಹರಾಜಿನಾಗ ಡಿಪಾಜಿಟ್ ಕಟ್ಟಾಕ ನಮಗೆಲ್ಲಿ ಆಗ್ತದ? ಆ ಒಂಬತ್ತು ಮಂದಿಯಾಗ ಒಬ್ಬರೂ ಈ ಗ್ರೂಪಿನಾಗ ಇಲ್ಲ. ನೀವು ದಿನಾ ಅವರ ಹತ್ರನೇ ಚೌಕಾಸಿ ಮಾಡಿ ಪುಂಡಿಪಲ್ಲೆ ತಗೋತೀರಿ.

ಮೂಲಿಮನಿ ಟೀಚರ್, 11.04
ತಂಗಿ, ತಪ್ಪಾಯ್ತವ್ವ. ನನ್ನ ಪಟ್ಟಿಯಾಗ ಗಿಡ ಹತ್ತು ಎಣಿಸಿದೆ, ಮಂದಿ ಎಣಿಸಲಿಲ್ಲ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಒಂದದ. ಎಬ್ಬಸಬೇಕಂದ್ರ 30 ದಿನದ ನೋಟಿಸ್ ಕೊಡಬೇಕು, ಸಮೀಕ್ಷೆ ಮುಗಿಯೂತನ ಎಬ್ಬಸಂಗಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಾಗ ಶೇ 40ಕ್ಕ ಕಡಿಮಿ ಇಲ್ಲದಂಗ ವ್ಯಾಪಾರಸ್ಥರೇ ಇರಬೇಕು, ಅದರಾಗ ಮೂರನೇ ಒಂದು ಪಾಲು ಹೆಣ್ಮಕ್ಕಳು. ಅವ್ವನ ಹತ್ರ ಬೀದಿ ವ್ಯಾಪಾರದ ಗುರುತಿನ ಚೀಟಿ ಅದ ಏನು, ಕೇಳು.

ಕಾಯಿಪಲ್ಲೆ ಅಕ್ಕನ ಮಗಳು, 11.09
ಅವ್ವಂದದ. ಉಳಿದವ್ರದ್ದು ಕೇಳಿ ಹೇಳ್ತೀನಿ.

ಗ್ರೂಪ್ ಅಡ್ಮಿನ್, 11.15
ಪೋಲ್ ತಗದೀನಿ. ನಾಲ್ಕು ಆಯ್ಕೆ ನಾನೇ ಗಡಬಡಿಯಾಗ ಹಾಕಿದ್ದೆ, ಸಿಟ್ಟಾಗಬ್ಯಾಡ್ರಿ.

ಮೊಬೈಲ್ ಅಂಗಡಿ, 12.40
ಗಿರಾಕಿ ಇದ್ರು, ಈಗ ಓದಿದೆ. ಒಂದು ಮಾತು. ಶೌಚಾಲಯ, ಲೈಟು, ಗಿಡದ ಕೆಳಗ ಕಟ್ಟಿ, ಗ್ವಾಡಿ ಬದಿ ಹೆಣ್ಮಕ್ಕಳಿಗೆ ಶೆಡ್, ಹಿಂದಿನ ಖಾಲಿ ಭಾಗದಾಗ ಗಾಡಿ ನಿಲ್ಲಸಾಕ ಜಾಗ. ಇಷ್ಟಕ್ಕ ಮೂರು ಮಹಡಿ ಯಾಕ ಬೇಕು? ನಾನೂ ಮಳಿಗಿ ಬಾಡಿಗಿ ಕಟ್ಟೋನೇ. ಪ್ಯಾಟ್ಯಾಗ ಎಷ್ಟೋ ಕಾಂಪ್ಲೆಕ್ಸಿನಾಗ ಕೆಳಗ ಗದ್ದಲ, ಮ್ಯಾಲೆ ಪಾರಿವಾಳ. ಆದ್ರ ಪಾರ್ಕಿಂಗ್ ಮಾತ್ರ ನಾ ಬಿಡಂಗಿಲ್ಲ, ಈಗ್ಲೇ ಹೇಳೀನಿ.

ಎರಡನೇ ಕ್ರಾಸ್ ಅಕ್ಕ, 12.52
ರೊಕ್ಕ ಯಾರು ಕೊಡ್ತಾರ?

ಸರ್ವೇಯರ್ ಕಾಕಾ, 1.05
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರೂದು ಇಂಥಾದ್ದಕ್ಕ. ಶಾಸಕರ ಕಡಿಂದ ಕ್ರಿಯಾ ಯೋಜನೆಯಾಗ ಸೇರಸಬೇಕು. ಆದ್ರ ಜಾಗದ ಕಾಗದ ಇಲ್ಲದೇ ಯಾರೂ ಫೈಲು ಮುಟ್ಟಂಗಿಲ್ಲ. ಮಾಹಿತಿ ಹಕ್ಕಿನಾಗ ಹಾಕ್ರಿ. ಹತ್ತು ರೂಪಾಯಿ, 30 ದಿನ. ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದ ದಾಟಂಗಿಲ್ಲ. ಕಥಿ ಬರದ್ರ ತಿರುಗಿ ಕಳಸ್ತಾರ. ಬ್ಯಾರೆ ಕಚೇರಿದು ಅಂತ ಗೊತ್ತಾದ್ರ ಅವ್ರೇ 5 ದಿನದಾಗ ಅಲ್ಲಿಗೆ ವರ್ಗಾಯಿಸಬೇಕು, ಅದಕ್ಕ ಯಾವ ಕಚೇರಿ ಅಂತ ತಲಿ ಕೆಡಿಸಿಕೊಳ್ಳಬ್ಯಾಡ್ರಿ.

ಮ್ಯಾಲಿನ ರೂಮಿನ ಹುಡುಗ, 2.30
ಬರದೀನಿ, ತಿದ್ರಿ:

"ನಮ್ಮ ಬಡಾವಣೆಗೆ ಹೊಂದಿಕೊಂಡಿರುವ ಹಳೆಯ ವಸತಿಗೃಹಗಳ ನಿವೇಶನದ ಮರು ಅಭಿವೃದ್ಧಿ ಪ್ರಸ್ತಾವಕ್ಕೆ ಸಂಬಂಧಿಸಿದ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಕೊಡುವುದು: ನಿವೇಶನದ ಮಾಲೀಕತ್ವ ತೋರಿಸುವ ಸಿಟಿ ಸರ್ವೇ ದಾಖಲೆ, ಮಾಸ್ಟರ್ ಪ್ಲಾನ್‌ನಲ್ಲಿ ಅದಕ್ಕೆ ನಿಗದಿಯಾದ ಬಳಕೆ, ಅಳತೆಗೆ ಹೊರಡಿಸಿದ ಆದೇಶ, ಪ್ರಸ್ತಾವಿತ ಕಟ್ಟಡದ ನಕ್ಷೆ, ಮರಗಳಿಗೆ ಸಂಖ್ಯೆ ಹಾಕಿದ ಪಟ್ಟಿ."

ಸರ್ವೇಯರ್ ಕಾಕಾ, 2.44
ಶಾಣ್ಯಾ. "ಇದ್ದಲ್ಲಿ" ಅಂತ ಸೇರಸು, "ಪ್ರಸ್ತಾವಿತ ಕಟ್ಟಡದ ನಕ್ಷೆ ಇದ್ದಲ್ಲಿ". ಇಲ್ಲಂದ್ರ ಆ ಒಂದು ಸಾಲು ಹಿಡಕೊಂಡು ದಾಖಲೆ ಲಭ್ಯವಿಲ್ಲ ಅಂತ ಇಡೀ ಅರ್ಜಿಗೆ ಉತ್ತರ ಕೊಟ್ಟುಬಿಡ್ತಾರ. ಅನುಭವದ ಮಾತು.

ಎರಡನೇ ಕ್ರಾಸ್ ಅಕ್ಕ, 3.10
ಬಾವಿ ಬಿಟ್ಟಿರಲ್ಲ. ಮುಳ್ಳುಕಂಟಿ ಹಿಂದ ಮೆಟ್ಟಿಲ ಬಾವಿ ಅದ. ಅರ್ಧ ಕಸ ತುಂಬ್ಯಾದ, ಆದ್ರ ಮ್ಯಾಲಿನ ನಾಲ್ಕು ಮೆಟ್ಟಿಲು ಇನ್ನೂ ಕಾಣ್ತಾವ. ನಮ್ಮತ್ತಿ ಅಲ್ಲಿಂದ ನೀರು ಹೊತ್ತಾರ. ಖಾಸಬಾವಿ, ಮಾವಿನಕೆರಿ ಅಂತ ಹೆಸರು ಹೇಳಿಕೊಳ್ಳೋ ಊರಾಗ ಇದ್ದ ಬಾವಿ ಮ್ಯಾಲೆ ಪಿಲ್ಲರ್ ಎಬ್ಬಸಬಾರದು.

ಸರ್ವೇಯರ್ ಕಾಕಾ, 3.18
ಹಳೇ ನಕ್ಷಿಯಾಗ ಬಾವಿ ಗುರುತು ಇದ್ರ ನಮಗ ಆಧಾರ ಆಗ್ತದ. ಅರ್ಜಿಯಾಗ ಅದನ್ನೂ ಕೇಳ್ರಿ.

ಗ್ರೂಪ್ ಅಡ್ಮಿನ್, 6.00
ನಾಳಿ ಭಾನುವಾರ ಮುಂಜಾನೆ 6.30, ಬಿಸಿಲು ಏರೂಕಿಂತ ಮೊದಲು, 4ನೇ ನಂಬರಿನ ಗಿಡದ ಕೆಳಗ. ಏಮ್ಸ್ ಸಲುವಾಗಿ ಸಾವಿರ ದಿನದ ಮ್ಯಾಲೆ ಧರಣಿ ಕುಂತ ಊರು ನಮ್ಮದು, ನಾವು ಒಂದು ತಾಸು ಕುಂದರೂಣು. ಕಾಯಿಪಲ್ಲೆ ಹೆಣ್ಮಕ್ಕಳು ಆಗ ಅಲ್ಲೇ ಇರ್ತಾರ, ಅವ್ರನ್ನೂ ಕರೀರಿ. ಮಂಡಾಳು ಒಗ್ಗರಣಿ, ಮಿರ್ಚಿ ಮೊಬೈಲ್ ಅಂಗಡಿ ಅಣ್ಣಂದು.

ಮೊಬೈಲ್ ಅಂಗಡಿ, 6.02
ನಾ ಯಾವಾಗ ಅಂದೆ?

ಕಾಯಿಪಲ್ಲೆ ಅಕ್ಕನ ಮಗಳು, 6.15
ಅವ್ವ ಬರ್ತಾಳಂತ. ಚೀಟಿ ಇರೋದು ಮೂರು ಮಂದಿಗೆ, ಆರು ಮಂದಿಗಿಲ್ಲ. ಆಧಾರ್ ಜೆರಾಕ್ಸ್ ತರಾಕ ಹೇಳೀನಿ.

ಮೂಲಿಮನಿ ಟೀಚರ್, 6.40
ಗಾಳಿ ಎದ್ದದ, ಸುಣ್ಣದ ಗೆರಿ ಅಳಸಾಕತ್ತದ. ಗ್ವಾಡಿ ಬದಿ ಮನಿಯವ್ರು ಈಗ್ಲೇ ಫೋಟೋ ತಗದು ಇಲ್ಲಿ ಹಾಕ್ರಿ, ತಾರೀಖು ಕಾಣೂಹಂಗ. ಬೊಡ್ಡಿದೂ ತಗೀರಿ.