‘ಮರೆಗುಳಿತನ’, ‘ಅರಳುಮರಳು’: ಡಿಮೆನ್ಶಿಯಾಕ್ಕೆ ಇವು ಸಾಕೇ?

ಬಲ್ಲವರಿಗೆ ನಮಸ್ಕಾರ.

ಮಿದುಳಿನ ತೊಂದರೆಯಿಂದ ಬುದ್ಧಿಶಕ್ತಿ ಕುಂದುತ್ತ ಹೋಗುವ ಡಿಮೆನ್ಶಿಯಾಕ್ಕೆ ಪತ್ರಿಕೆಗಳಲ್ಲಿ ‘ಮರೆಗುಳಿತನ’, ‘ಮರೆವಿನ ಕಾಯಿಲೆ’ ಎಂದು ಓದುತ್ತೇವೆ. ಮನೆಯಲ್ಲಿ ‘ಅರಳುಮರಳು’ ಎನ್ನುತ್ತೇವೆ. ಈ ಪದಗಳನ್ನು ನಂಬಿ ನಾವು ಒಂದು ವರ್ಷ ಕಳೆದುಕೊಂಡೆವು.

ನನ್ನ ಅಮ್ಮನಲ್ಲಿ ಮೊದಲು ಕಾಣಿಸಿದ್ದು ಮರೆವಲ್ಲ. ಮೊಮ್ಮಕ್ಕಳ ಹೆಸರು, ಹಬ್ಬದ ತಿಥಿ ಎಲ್ಲವೂ ನಾಲಿಗೆಯ ತುದಿಯಲ್ಲಿದ್ದವು. ಒಂದು ಸಂಜೆ ಮಡಿಲಲ್ಲಿ ಮಲ್ಲಿಗೆ ಮೊಗ್ಗು ಹಾಕಿಕೊಂಡು ಕುಳಿತವರು ನಾಲ್ಕು ಮೊಗ್ಗು ಜೋಡಿಸಿ ಬಾಳೆನಾರು ಸುತ್ತಿದರು. ಕುಣಿಕೆ ಬೀಳಲಿಲ್ಲ. ಬಿಚ್ಚಿದರು, ಮತ್ತೆ ಸುತ್ತಿದರು, ಕೊನೆಗೆ ಕೈಯನ್ನೇ ನೋಡುತ್ತ ಕುಳಿತರು. ಬೆರಳು ನಡುಗುತ್ತಿರಲಿಲ್ಲ, ಬಲವೂ ಕುಂದಿರಲಿಲ್ಲ, ಕಣ್ಣು ಚೆನ್ನಾಗಿತ್ತು. ಆಮೇಲಾಮೇಲೆ ಸೌಟು ಬೇಕಾದಾಗ ‘ಅದೇ, ಹುಳಿ ಬಡಿಸುವುದು’ ಎನ್ನತೊಡಗಿದರು. ಮರೆವಿಲ್ಲವಲ್ಲ ಎಂದು ನಾವು ಸುಮ್ಮನಿದ್ದೆವು. ಕಡೆಗೆ ನರರೋಗ ತಜ್ಞರು ಮೊದಲನೆಯದು ಅಪ್ರಾಕ್ಸಿಯಾ (ಬಲವಿದ್ದೂ ಕಲಿತ ಕೆಲಸ ಕೈಗೆ ಬಾರದಿರುವುದು), ಎರಡನೆಯದು ಅನೋಮಿಯಾ (ವಸ್ತು ಗೊತ್ತಿದ್ದೂ ಅದರ ಹೆಸರು ಹೊಳೆಯದಿರುವುದು), ಎರಡೂ ಡಿಮೆನ್ಶಿಯಾದ ಬಗ್ಗೆ ಮಿದುಳು ಕೊಡುತ್ತಿರುವ ಸೂಚನೆ ಎಂದು ತಿಳಿಸಿದರು.

ಲ್ಯಾಟಿನ್ ಮೂಲದಲ್ಲಿ ಡಿಮೆನ್ಶಿಯಾ ಎಂದರೆ ಬುದ್ಧಿ ದೂರ ಸರಿಯುವುದು. ಮರೆವಿನ ಪ್ರಸ್ತಾಪವೇ ಅದರಲ್ಲಿಲ್ಲ. ನಮ್ಮ ‘ಗುಳಿ’ಯಾದರೋ ‘ಲಂಚಗುಳಿ’ಯಲ್ಲಿರುವಂತೆ ಚಾಳಿಯನ್ನು ಸೂಚಿಸುತ್ತದೆ. ರೋಗಿಯನ್ನು ಹಾಗೆ ಕರೆಯುವುದು ನನಗೆ ನೋವಿನ ಸಂಗತಿ. ‘ಅರವತ್ತಕ್ಕೆ ಅರಳುಮರಳು’ ಎಂದುಬಿಟ್ಟರೆ ಅದು ವಯೋಸಹಜವಾಗಿಬಿಡುತ್ತದೆ, ವೈದ್ಯರ ನೆನಪೇ ಬರುವುದಿಲ್ಲ. ಬಿ12 ಜೀವಸತ್ವದ ಕೊರತೆಯಿಂದಲೂ ಥೈರಾಯ್ಡ್ ಕುಂದುವುದರಿಂದಲೂ ಬುದ್ಧಿ ಮಂಕಾಗಬಹುದು, ಅವಕ್ಕೆ ಚಿಕಿತ್ಸೆಯಿದೆ. ಇನ್ನು ‘ಬುದ್ಧಿಮಾಂದ್ಯ’ ಎಳವೆಯಿಂದಲೇ ಇರುವ ಬೇರೊಂದು ಸ್ಥಿತಿಗೆ ಸಂದ ಪದ.

ಡಿಮೆನ್ಶಿಯಾವನ್ನು ಹಾಗೆಯೇ ಉಳಿಸಿಕೊಳ್ಳೋಣ, ನನ್ನ ತಕರಾರಿಲ್ಲ. ಆದರೆ ಮನೆಯವರು ಗುರುತಿಸಬೇಕಾದ ಲಕ್ಷಣಗಳಿಗೆ ಮನೆಮಾತಿನ ಪದ ಬೇಕು. ಅಪ್ರಾಕ್ಸಿಯಾಕ್ಕೆ ‘ಕೈಮರೆವು’ ಎನ್ನಲು ಹೋದರೆ, ‘ಕೊಡೆಯನ್ನು ಕೈಮರೆತು ಬಂದೆ’ ಎಂಬ ಬಳಕೆ ಅಡ್ಡ ಬರುತ್ತದೆ. ‘ರೂಢಿ ತಪ್ಪುವುದು’ ಎಂದರೆ ಬಹುದಿನ ಮಾಡದೆ ಬಿಟ್ಟದ್ದು ಎಂದಾಗುತ್ತದೆ; ಅಮ್ಮ ಹೂ ಕಟ್ಟದ ದಿನವೇ ಇರಲಿಲ್ಲ.

ಅಂದು ಪಕ್ಕದಲ್ಲಿದ್ದ ಚಿಕ್ಕಮ್ಮ ‘ಅಕ್ಕನ ಕೈಗೆ ದಿಕ್ಕು ತಪ್ಪಿದೆ’ ಎಂದಿದ್ದರು. ನಾನು ಕೇಳಿದವುಗಳಲ್ಲಿ ಇದಕ್ಕಿಂತ ನಿಖರವಾದ ಮಾತಿಲ್ಲ. ಇದು ಅವರದೇ ಮಾತೋ, ನಿಮ್ಮ ಸೀಮೆಯಲ್ಲಿಯೂ ಹಿರಿಯರು ಹೀಗೆ ಹೇಳುವುದುಂಟೋ? ಕೇಳಿದವರು ಊರಿನ ಹೆಸರಿನೊಂದಿಗೆ ತಿಳಿಸಬೇಕಾಗಿ ವಿನಂತಿ.