ಅಪ್‌ಡೇಟ್: ಮಗಳ ಕುತ್ತಿಗೆ ನೋವು, ಬೆಲ್ಟ್ ಇಲ್ಲದೇ ಕಡಿಮೆಯಾಯ್ತು

ಹತ್ತನೇ ಕ್ಲಾಸಿನ ಮಗಳ ತಲೆ ಭುಜಕ್ಕಿಂತ ಮುಂದೆ ಬಂದಿದೆ, ಸಂಜೆಯಾದರೆ ಕುತ್ತಿಗೆ ನೋವು, ನೆಟ್ಟಗೆ ಕೂರಲು ಹಾಕುವ ಪೋಸ್ಚರ್ ಬೆಲ್ಟ್ ಹಾಕಿಸಲಾ ಅಂತ ಇಲ್ಲಿ ಕೇಳಿದ್ದೆ. ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ನೋವು ಈಗ ಎಷ್ಟೋ ಕಡಿಮೆ.

ಕೈ ಜುಮ್ಮೆನ್ನುತ್ತದಾ, ತಲೆ ಸುತ್ತುತ್ತದಾ ಅಂತ ಫಿಸಿಯೋಥೆರಪಿಸ್ಟ್ ಮೇಡಂ ಮೊದಲೇ ವಿಚಾರಿಸಿದರು. ಅದೇನೂ ಇರಲಿಲ್ಲ. ಆಮೇಲೆ ತಲೆಬುರುಡೆಯ ಕೆಳಗಿನ ಬಿಗಿಯಾದ ಸ್ನಾಯುಗಳನ್ನು ಬೆರಳಿನಿಂದ ಒತ್ತಿ ಸಡಿಲ ಮಾಡಿದರು, ಬೆನ್ನಿನ ಮೇಲ್ಭಾಗದ ಕೀಲುಗಳನ್ನೂ ಮೆಲ್ಲಗೆ ಒತ್ತಿ ಅಲುಗಿಸಿದರು. ಕುತ್ತಿಗೆಯನ್ನು ಲಟಕ್ ಅಂತ ತಿರುಗಿಸಲಿಲ್ಲ, ನನಗೆ ಅದೇ ಭಯವಿತ್ತು. ಆದರೆ ಇದರಿಂದ ಸಿಗುವ ಆರಾಮ ಸ್ವಲ್ಪ ಕಾಲದ್ದು, ಅದು ಉಳಿಯಬೇಕಾದರೆ ವ್ಯಾಯಾಮ ಮಾಡಲೇಬೇಕು ಅಂತ ನೇರವಾಗಿ ಹೇಳಿದರು.

ಮುಖ್ಯವಾದದ್ದು ಚಿನ್ ಟಕ್. ಅಂಗಾತ ಮಲಗಿ, ತಲೆ ಎತ್ತದೆ, ‘ಹೂಂ’ ಅಂತ ತಲೆಯಾಡಿಸುವ ಹಾಗೆ ಗದ್ದವನ್ನು ಸ್ವಲ್ಪ ಒಳಕ್ಕೆ ಎಳೆದು 5ರಿಂದ 10 ಸೆಕೆಂಡು ಹಿಡಿಯಬೇಕು, ಹೀಗೆ 10 ಸಲ. ನೋಡೋಕೆ ಏನೂ ಇಲ್ಲ ಅನ್ನಿಸುತ್ತದೆ, ಆದರೆ ತಲೆಯನ್ನು ಸರಿಯಾಗಿ ಹಿಡಿದಿಡುವ ಕುತ್ತಿಗೆಯ ಮುಂಭಾಗದ ಒಳಸ್ನಾಯುಗಳಿಗೆ ಬಲ ಬರುವುದು ಇದರಿಂದಲೇ. ಜೊತೆಗೆ ಬಾಗಿಲ ಚೌಕಟ್ಟಿಗೆ ಕೈ ಇಟ್ಟು ಎದೆ ಹಿಗ್ಗಿಸುವುದು, ರಬ್ಬರ್ ಬ್ಯಾಂಡ್ ಎಳೆದು ಭುಜ ಹಿಂದಕ್ಕೆ ತರುವುದು.

‘ನೆಟ್ಟಗೆ ಕೂತ್ಕೋ’ ಅಂತ ದಿನವಿಡೀ ಗದರಬೇಡಿ, ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಓಡಾಡಿಸಿ ಅಂದರು. ಈ ಮಾತು ನನಗೆ ತುಂಬಾ ಹಿಡಿಸಿತು, ಮಕ್ಕಳು ಗಂಟೆಗಟ್ಟಲೆ ಅಲ್ಲಾಡದೆ ಕೂರುವುದೇ ದೊಡ್ಡ ತೊಂದರೆ ಅಲ್ವಾ?

ತಲೆ ಇನ್ನೂ ಪೂರ್ತಿ ಹಿಂದಕ್ಕೆ ಬಂದಿಲ್ಲ, ವ್ಯಾಯಾಮ ನಡೀತಾ ಇದೆ. ಓದುವಾಗ ಪುಸ್ತಕ ಎತ್ತರದಲ್ಲಿ ಇಡೋಕೆ ಒಳ್ಳೆಯ ಓರೆ ಸ್ಟ್ಯಾಂಡ್ ಯಾರಾದರೂ ಬಳಸಿದ್ದರೆ ತಿಳಿಸಿ.